ಪದಚರ್ಚೆ: ಕ್ಲೋರಿನ್ ‘ಸ್ಟೆಬಿಲೈಜರ್’ಗೆ ಕನ್ನಡದಲ್ಲಿ ಏನನ್ನೋಣ? (ತುರ್ತು)

ಗೆಳೆಯರೇ, ಕೊಡಗಿನ ರೆಸಾರ್ಟ್ ಒಂದರ ಜಕೂಝಿ (ಬಿಸಿನೀರಿನ ತೊಟ್ಟಿ) ಪಂಪ್‌ರೂಮಿಗೆ ಫಲಕ ಬರೆಯುತ್ತಿದ್ದೇನೆ, ನಾಳೆ ಮಧ್ಯಾಹ್ನ ಪ್ರಿಂಟಿಗೆ ಹೋಗಬೇಕು. ‘ಸ್ಟೆಬಿಲೈಜರ್ 30ರಿಂದ 50 ಪಿಪಿಎಂ ಇರಲಿ’ ಎಂಬಲ್ಲಿ (ಪಿಪಿಎಂ ಅಂದರೆ ಹತ್ತು ಲಕ್ಷದಲ್ಲೊಂದು ಪಾಲು) ಸಿಕ್ಕಿಕೊಂಡಿದ್ದೇನೆ. ಹಾಗೇ ಬಿಟ್ಟರೆ ಓದುವವರು ಗೋಡೆಯ ಮೇಲಿನ ವೋಲ್ಟೇಜ್ ಡಬ್ಬಿ ನೋಡುತ್ತಾರೆ. ‘ಸ್ಥಿರಕಾರಿ’ ನಡೆದೀತೇ?
– ವಿ.

ಸ್ಥಿರಕಾರಿ ಅಲ್ಲ, ಸ್ಥಿರೀಕಾರಕ. ಸ್ಥಿರವಲ್ಲದ್ದು ಸ್ಥಿರವಾಗುವ ಅರ್ಥ ಬರಬೇಕಾದರೆ ಚ್ವಿ ಪ್ರತ್ಯಯದ ಈಕಾರ ಬೇಕೇ ಬೇಕು. ಇದರಲ್ಲಿ ಚರ್ಚೆಗೇನಿದೆ?
– ಎಸ್.ಎನ್.

ಪಂಪು ನಡೆಸುವವರಿಗೆ ಚ್ವಿ ಕಟ್ಟಿಕೊಂಡು ಏನಾಗಬೇಕು? ‘ಕ್ಲೋರಿನ್ಗಾಪು’ ಅನ್ನಿ. ಕಾಯ್ ಎಂಬುದರಿಂದ ಕಾಪು. ಮೈಗಾಪು ನಮ್ಮ ಹಳೆಯ ಪದವೇ. ಬಿಸಿಲಿಗೆ ಕ್ಲೋರಿನ್ ಹಾಳಾಗದಂತೆ ಕಾಯುವುದೇ ಇದರ ಕೆಲಸ, ಅರ್ತವೂ ಸರಿಯಾಗಿ ಕೂರುತ್ತದೆ.
– ಕೆ.

ಪದ ಆಮೇಲೆ. ನೀವು ಕೊಟ್ಟ ‘30ರಿಂದ 50’ ಸಾಲೇ ಬಯಲು ಈಜುಕೊಳದ್ದು. ಅಲ್ಲಿ ಬಿಸಿಲು ಕೆಲವೇ ಗಂಟೆಗಳಲ್ಲಿ ಕ್ಲೋರಿನ್ ತಿಂದುಹಾಕುತ್ತದೆ, ಅದಕ್ಕೇ ಈ ಸ್ಟೆಬಿಲೈಜರ್, ಅಂದರೆ ಸಯನ್ಯೂರಿಕ್ ಆಮ್ಲ. ಸೂರಿನಡಿ ಮುಚ್ಚಳ ಹಾಕಿಟ್ಟ ಬಿಸಿನೀರಿನ ತೊಟ್ಟಿಗೆ ಅದು ಯಾಕೆ? ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿಯಂತೂ ಇಂಥ ತೊಟ್ಟಿಗೆ ಅದು ಬೇಡವೆಂದೇ ಹೇಳುತ್ತದೆ. ಅದು ಕ್ಲೋರಿನ್ನನ್ನು ಹಿಡಿದಿಟ್ಟಷ್ಟೂ ರೋಗಾಣು ಸಾಯುವುದು ತಡ. 38–40 ಡಿಗ್ರಿ ನೀರಿನಲ್ಲಿ ಸ್ಯೂಡೊಮೊನಾಸ್ ಎಂಬ ಬ್ಯಾಕ್ಟೀರಿಯಾಕ್ಕೆ ಅಷ್ಟು ಸಾಕು; ಇಳಿದವರ ಮೈಮೇಲೆ ಕೆಂಪು ಗುಳ್ಳೆ ಏಳುತ್ತದೆ.

ಇದನ್ನು ಬೇರೆಯಾಗಿ ಹಾಕಬೇಕಾಗಿಯೂ ಇಲ್ಲ, ಡೈಕ್ಲೋರ್ ಎಂಬ ಕ್ಲೋರಿನ್ ಪುಡಿಯೊಳಗೇ ಇದೆ. ಸಾವಿರ ಲೀಟರಿಗೆ 10 ಗ್ರಾಂ ಪುಡಿ ಹಾಕಿದರೆ ಕ್ಲೋರಿನ್ ಸುಮಾರು 5.5 ಪಿಪಿಎಂ ಏರುತ್ತದೆ, ಆಮ್ಲ 5. ಕ್ಲೋರಿನ್ ಖರ್ಚಾಗುತ್ತದೆ, ಆಮ್ಲ ಅಲ್ಲೇ ಕೂರುತ್ತದೆ. ಆರು ಸಲ ಹಾಕುವಷ್ಟರಲ್ಲಿ 30. ಇಳಿಸಬೇಕೆಂದರೆ ನೀರು ಚೆಲ್ಲುವುದೇ ದಾರಿ: 60 ಇದ್ದಾಗ ಅರ್ಧ ತೊಟ್ಟಿ ಬದಲಿಸಿದರೆ 30ಕ್ಕೆ ಬರುತ್ತದೆ.

ದಿನದ ಬಳಕೆಗೆ ಸೋಡಿಯಂ ಹೈಪೋಕ್ಲೋರೈಟ್ ದ್ರಾವಣ ಸಾಕು. 10% ದ್ರಾವಣವಾದರೆ ಸಾವಿರ ಲೀಟರಿಗೆ 30 ಮಿ.ಲೀ.ಗೆ 3 ಪಿಪಿಎಂ. ಬಿಸಿಲಲ್ಲಿಟ್ಟ ಹಳೆಯ ಕ್ಯಾನಿನಲ್ಲಿ ಕಸುವಿರುವುದಿಲ್ಲ, ಹಾಕಿ ಅಳೆಯಲಿ. ತೊಟ್ಟಿಯಲ್ಲಿ ಯಾರೂ ಇರಬಾರದು, ಪಂಪ್ ಓಡುತ್ತಿರಬೇಕು. ಟ್ರೈಕ್ಲೋರ್ ಬಿಲ್ಲೆ ಬೇಡವೇ ಬೇಡ, ಅದರ ಹುಳಿ ಹೀಟರನ್ನು ತಿನ್ನುತ್ತದೆ.

ಸ್ಥಿರೀಕಾರಕ, ಕಾಪು ಎರಡೂ ಒಳ್ಳೆಯದನ್ನೇ ಮಾಡುವ ವಸ್ತುವಿನ ಹೆಸರಿನಂತಿವೆ. ಓದಿದವನು ಇನ್ನೊಂದು ಚಮಚ ಸುರಿಯುತ್ತಾನೆ. ಹೀಗೆ ಬರೆಯಿರಿ: ‘ಮುಕ್ತ ಕ್ಲೋರಿನ್ 3–5 ಪಿಪಿಎಂ. ಪಿಎಚ್ 7.2–7.8. ಸಯನ್ಯೂರಿಕ್ ಆಮ್ಲ 30 ದಾಟಿದರೆ ನೀರು ಬದಲಿಸಿ.’
– ಆರ್.

ಉಪಕಾರವಾಯಿತು ಸರ್. ‘ಮುಕ್ತ’ ನೋಡಿ ಎದೆ ಧಸಕ್ಕೆಂದಿತು, ನನ್ನ ಕೈಗೆ ಬಂದ ಕರಡಿನಲ್ಲಿ ಇಂಗ್ಲಿಷಿನ ‘ಫ್ರೀ’ಗೆ ‘ಉಚಿತ ಕ್ಲೋರಿನ್’ ಎಂದಿದೆ! ಆದರೆ ಸಯನ್ಯೂರಿಕ್ ಅಂದರೆ ಸಯನೈಡ್ ಎಂದು ಹೆದರುವುದಿಲ್ಲವೇ?
– ವಿ.

ನಂಟು ಹೆಸರಿನದು ಅಷ್ಟೇ. ಗ್ರೀಕಿನಲ್ಲಿ ಕಡುನೀಲಿ ಎಂಬ ಅರ್ಥದ ಪದ ಅದು. ಕ್ಲೋರಿನ್ ಕೂಡ ಗ್ರೀಕೇ, ತಿಳಿಹಸಿರು. 1810ರಲ್ಲಿ ರಸಾಯನ ವಿಜ್ಞಾನಿ ಡೇವಿ ಇಟ್ಟ ಹೆಸರು. ಅಂದಹಾಗೆ ‘ಕ್ಲೋರಿನ್ಗಾಪು’ ಅರಿಸಮಾಸ.
– ಎಸ್.ಎನ್.

> ‘ಕ್ಲೋರಿನ್ಗಾಪು’ ಅರಿಸಮಾಸ

ಹಳೆಗನ್ನಡದ ವ್ಯಾಕರಣಕಾರ ಕೇಶಿರಾಜ ಬೇಡವೆಂದದ್ದು ಕನ್ನಡ-ಸಂಸ್ಕೃತದ ಬೆರಕೆ. ಕ್ಲೋರಿನ್ ಯಾವಾಗ ಸಂಸ್ಕೃತವಾಯಿತು? ಗ್ರೀಕ್ ಬಂದರೆ ಮಣೆ ಹಾಕುತ್ತೀರಿ, ಕಾಪು ಅಂದರೆ ಮಾತ್ರ ವ್ಯಾಕರಣ ನೆನಪಾಗುತ್ತದೆ. ಹಾಗಾದರೆ ‘ಕ್ಲೋರಿನ್ ಸ್ಥಿರೀಕಾರಕ’ ಯಾವ ಸಮಾಸ ಸ್ವಾಮಿ?
– ಕೆ.

ವಿ. ಅವರೇ, ಫಲಕದ ಕೆಳಗೆ ಇನ್ನೊಂದು ಸಾಲಿಗೆ ಜಾಗ ಬಿಡಿ: ‘ಬ್ಲೀಚಿಂಗ್ ಪೌಡರಿಗೂ ಟ್ರೈಕ್ಲೋರ್ ಬಿಲ್ಲೆ, ಡೈಕ್ಲೋರ್ ಪುಡಿಗಳಿಗೂ ಒಂದೇ ಚಮಚ, ಒಂದೇ ಬಕೆಟ್ ಬಳಸಬೇಡಿ, ಬೆರೆತರೆ ಬೆಂಕಿ ಹತ್ತುತ್ತದೆ.’ ಇದು ಕೆಂಪಕ್ಷರದಲ್ಲಿರಲಿ.
– ಆರ್.