ಅಂಗಳದಲ್ಲೇ ತಂಗಿ ಮದುವೆ, ಮೂರು ಲಕ್ಷದಲ್ಲಿ ಆಗುತ್ತಾ?

ಸಾಗರದ ಹುಡುಗ:
ನಮ್ಮೂರು ಸಾಗರದಿಂದ 18 ಕಿ.ಮೀ. ಒಳಗೆ. ಏಪ್ರಿಲ್ ಕೊನೆಗೆ ತಂಗಿ ಮದುವೆ. ಪೇಟೆಯಲ್ಲಿ ಕಲ್ಯಾಣ ಮಂಟಪ ವಿಚಾರಿಸಿದರೆ ಬಾಡಿಗೆ, ಕರೆಂಟು, ಕ್ಲೀನಿಂಗ್ ಸೇರಿ ಒಂದೂವರೆ ಲಕ್ಷದ ಹತ್ತಿರ ಹೇಳ್ತಾರೆ. ಅಪ್ಪನ ಕೈಲಿರೋದು ಮೂರು ಲಕ್ಷ. ಸಾಲ ಮಾಡಬೇಡಿ, ಮನೆ ಅಂಗಳದಲ್ಲೇ ಚಪ್ಪರ ಹಾಕಿ ಅಂತ ತಂಗಿ ಹಟ ಹಿಡಿದಿದ್ದಾಳೆ. 300 ಜನ ಆಗಬಹುದು. ಮನೆಯಲ್ಲಿ ಮದುವೆ ಮಾಡಿದವರು ಹೇಳಿ, ನಾವು ಎಲ್ಲಿ ಎಡವಬಹುದು?

ಕೊಪ್ಪದ ಅಮ್ಮ:
ಧೈರ್ಯವಾಗಿ ಮಾಡಿ ತಮ್ಮಾ. ಹೋದ ವರ್ಷ ಮೇ ತಿಂಗಳಲ್ಲಿ ಮಗಳ ಮದುವೆ ನಮ್ಮ ಅಂಗಳದಲ್ಲೇ ಆಯ್ತು. ಅಡಕೆ ಕೊಯ್ಲು, ಒಣಗಿಸೋದು ಎಲ್ಲ ಮುಗಿದು ಅಂಗಳ ಖಾಲಿ ಸಿಗೋದು ಆಗಲೇ. ಸಂಜೆ ಗುಡುಗು ಮಳೆ ಬರೋದೂ ಆಗಲೇ.

ನಮಗೆ ಹಿಂದಿನ ದಿನ ನಾಲ್ಕು ಗಂಟೆಗೆ ಬಂತು. ಅಡಕೆ ದಬ್ಬೆ ಕಟ್ಟಿ ಸೋಗೆ ಹೊದೆಸಿದ ಚಪ್ಪರಕ್ಕೆ ಟಾರ್ಪಾಲು ಎಳೆದಿದ್ದೆವು, ಅಲ್ಲಿ ಒಂದು ಹನಿ ಬೀಳಲಿಲ್ಲ. ಹಿತ್ತಲಲ್ಲಿ ಅಡುಗೆಗೆ ಅಂತ ನೆಲ ಅಗೆದು ಮಾಡಿದ್ದ ಉದ್ದ ಒಲೆಯ ಮೇಲೆ ಮಾತ್ರ ಏನೂ ಇರಲಿಲ್ಲ. ಒಲೆ ತುಂಬ ನೀರು, ಬೂದಿಯೆಲ್ಲ ಕೆಸರು, ಸೌದೆ ನೆನೆದು ಕಪ್ಪಾಗಿತ್ತು. ಅಡುಗೆ ಭಟ್ಟರು ಕಾಯಿ ತುರಿಯೋದು ನಿಲ್ಲಿಸಿ ನನ್ನ ಮುಖ ನೋಡಿದರು. ನನಗೆ ಕಣ್ಣಲ್ಲಿ ನೀರೇ ಬಂತು. ಪಕ್ಕದ ಮನೆಯವರು ಬಚ್ಚಲೊಲೆಗೆ ಅಂತ ಒಟ್ಟಿಟ್ಟಿದ್ದ ಒಣ ಸೌದೆಯನ್ನೆಲ್ಲ ಹೊತ್ತು ತಂದರು. ಒಲೆ ಹತ್ತುವಾಗ ರಾತ್ರಿ ಹನ್ನೊಂದು. ಅದಕ್ಕೇ ಹೇಳ್ತೀನಿ, ಮೊದಲು ಒಲೆಗೆ ತಗಡಿನ ಮಾಡು ಹಾಕಿಸಿ, ಮಂಟಪದ ಅಲಂಕಾರ ಆಮೇಲೆ.

ದುಡ್ಡು ಹೋಗೋದು ಊಟಕ್ಕೆ. ತಲೆಗೆ ಇಷ್ಟು ಅಂತ ಗುತ್ತಿಗೆ ಕೊಡಬೇಡಿ. ಭಟ್ಟರ ಹತ್ತಿರ ಪಟ್ಟಿ ಬರೆಸಿಕೊಂಡು ಸಾಮಾನು ನೀವೇ ತನ್ನಿ. ನಾವು 100 ಜನಕ್ಕೆ 10 ಕೆಜಿ ಅಕ್ಕಿ ಲೆಕ್ಕ ಹಿಡಿದೆವು, ಸಾಕಾಯ್ತು. ಬಡಿಸೋಕೆ ಬರುವ ಊರ ಹುಡುಗರಿಗೆ ಫೋನಲ್ಲಿ ಹೇಳಿದರೆ ಆಗಲ್ಲ, ಅವರ ಮನೆಗೇ ಹೋಗಿ ಹೇಳಿ ಬನ್ನಿ. ಆ ಹೊತ್ತಿಗೆ ಬಾವಿ ತಳ ಕಂಡಿರುತ್ತೆ, ಒಂದು ಟ್ಯಾಂಕರ್ ನೀರಿಗೂ ದುಡ್ಡು ತೆಗೆದಿಡಿ.

ಇನ್ನೊಂದು. ಮಂಟಪಕ್ಕೆ ಸಿಂಗಾರ, ಅಂದರೆ ಅಡಕೆ ಹೂವಿನ ಗೊಂಚಲು, ಚೆಂದವೇ. ಆದರೆ ಒಂದು ಸಿಂಗಾರ ಕಿತ್ತರೆ ಮುಂದಿನ ಒಂದು ಗೊನೆ ಹೋದ ಹಾಗೆ. ನಾವು ನಾಲ್ಕೇ ಕಿತ್ತೆವು, ಉಳಿದದ್ದು ತೆಂಗಿನ ಗರಿ, ಮಾವಿನ ಸೊಪ್ಪು.

ಚಿತ್ತಾರಗಿತ್ತಿ:
ಸಾಗರದ ಕಡೆಯವರು ಅಂತೀರಿ, ಹಾಗಾದರೆ ಬಾಡಿಗೆ ಸ್ಟೇಜ್ ಯಾಕೆ? ನಮ್ಮ ದೀವರ ಸಮುದಾಯದ ಮನೆಗಳಲ್ಲಿ ಮದುವೆಗೆ ಹಸೆಗೋಡೆ, ಅಂದರೆ ಗೋಡೆ ಮೇಲೆ ಚಿತ್ತಾರ, ಬರೀತೀವಿ. ಗೋಡೆಗೆ ಕೆಮ್ಮಣ್ಣು ಬಳಿದು, ಅಕ್ಕಿ ಅರೆದ ಬಿಳಿ ಬಣ್ಣದಲ್ಲಿ ಪುಂಡಿ ನಾರಿನ ಕುಂಚ ಹಿಡಿದು ಎಳೆ ಎಳೆಯುವುದು. ಕಪ್ಪಿಗೆ ಹುರಿದು ಕರಿ ಮಾಡಿದ ಅಕ್ಕಿ, ಹಳದಿಗೆ ಗುರಿಗೆ ಕಾಯಿ. ನನ್ನ ಮದುವೆಗೆ ಅತ್ತೆ ನಾಲ್ಕು ದಿನ ಕೂತು ಬರೆದರು. ಫೋಟೊ ಎಲ್ಲ ಆ ಗೋಡೆ ಮುಂದೆಯೇ ತೆಗೆಸಿಕೊಂಡೆವು. ಊರಲ್ಲಿ ಬರೆಯುವ ಹಿರಿಯರಿದ್ದರೆ ಈಗಲೇ ಕೇಳಿಕೊಳ್ಳಿ, ಸೀರೆ ಕೊಟ್ಟು ಗೌರವಿಸಿ.

ಸಾಗರದ ಹುಡುಗ:
ದೊಡ್ಡಮ್ಮ ಹಸೆ ಬರೀತಾರೆ ಅಕ್ಕಾ! ನಮಗೆ ಹೊಳೆದೇ ಇರಲಿಲ್ಲ. ಅಮ್ಮಾ, ಒಲೆಗೆ ಹಾಕೋ ತಗಡು ಎಷ್ಟು ಎತ್ತರ ಇರಬೇಕು? ಕೊಟ್ಟಿಗೆಯದು ಹಳೇದು ಆರು ಇವೆ.

ಕೊಪ್ಪದ ಅಮ್ಮ:
ಆಳು ಕೈ ಎತ್ತಿದರೂ ತಾಗಬಾರದು. ಹೊಗೆ ಹೋಗೋಕೆ ಎರಡು ಕಡೆ ತೆರೆದಿರಲಿ, ಸುತ್ತ ಒಂದು ಗೇಣು ಆಳ ಕಾಲುವೆ ತೆಗೀರಿ. ಸೌದೆ ಮಾತ್ರ ಇವತ್ತೇ ಕೊಟ್ಟಿಗೆಗೆ ಹಾಕಿಸಿ.