‘ಕಣ’: ಒಂದು ಪದವೋ, ಎರಡೋ?

ಗೆಳೆಯರೇ, ನಮಸ್ಕಾರ.

ನಮ್ಮದು ಮೂಡಿಗೆರೆ ಕಡೆ. ಮೊನ್ನೆ ಕಾಫಿ ಹರವಿದ್ದ ಕಣದ ಅಂಚಿನಲ್ಲಿ ಕೂತು ತಮ್ಮನ ಮಗಳು ಪಾಠ ಓದುತ್ತಿದ್ದಳು. ಒಂಬತ್ತನೇ ಕ್ಲಾಸು, ಪರಮಾಣುವಿನ ರಚನೆ. “ದೊಡ್ಡಪ್ಪಾ, ಎಲೆಕ್ಟ್ರಾನ್ ಒಂದು ಕಣ ಅಂತೆ. ಕಣ ಅಂದ್ರೆ ಇದೇ ಅಲ್ವಾ?” ಅಂತ ನೆಲ ತೋರಿಸಿದಳು. ಅವಳು ಹುಟ್ಟಿದಾಗಿನಿಂದ ಕಂಡ ಕಣ ಅಂದರೆ ಹಣ್ಣು ಒಣಗಿಸುವ ಈ ಅಗಲದ ಜಾಗ. ಕಣ್ಣಿಗೇ ಕಾಣದ್ದಕ್ಕೆ ಈ ಹೆಸರು ಯಾಕೆ ಅಂತ ಅವಳ ತಲೆಬಿಸಿ.

ಇವು ಎರಡು ಬೇರೆ ಪದಗಳು. ಒಕ್ಕಣೆಯ ಕಣ ನಮ್ಮದೇ ಪದ. ‘ಕಳ’ ಅಂತಲೂ ಇದೆ, ತಮಿಳಿನಲ್ಲಿ ‘ಕಳಂ’. ಚುನಾವಣಾ ಕಣ ಅನ್ನುವಾಗ ಬರುವುದೂ ಇದೇ. ವಿಜ್ಞಾನದ ಕಣ ಸಂಸ್ಕೃತದ್ದು, ಅಲ್ಲಿ ಅದಕ್ಕೆ ಕಾಳು, ಚೂರು ಅನ್ನುವ ಅರ್ಥ.

ಹಾಗಾಗಿ ನಾನು ಕಾಳಿನಿಂದಲೇ ಶುರುಮಾಡಿದೆ. ಕಾಫಿಯನ್ನು ಸ್ವಲ್ಪ ಸರಿಸಿ, ಕಣದ ನಡುವೆ ಒಂದು ಕಾಳುಮೆಣಸು ಇಟ್ಟೆ. “ಇದು ಹೈಡ್ರೋಜನ್ ಪರಮಾಣುವಿನ ನ್ಯೂಕ್ಲಿಯಸ್, ಅಂದ್ರೆ ನಡುಭಾಗ. ಅದರಲ್ಲಿರೋದು ಒಂದೇ ಒಂದು ಪ್ರೋಟಾನ್. ಈಗ ಎಲೆಕ್ಟ್ರಾನ್ ಎಲ್ಲಿರುತ್ತೆ ಹೇಳು?” ಅವಳು ಕಣದ ಅಂಚು ತೋರಿಸಿದಳು. ಈ ಅಳತೆಯಲ್ಲಿ ಅದು ಸುಮಾರು 150 ಮೀಟರ್ ದೂರ, ನಮ್ಮ ತೋಟದ ಗೇಟಿನ ಹತ್ತಿರ. ನಡುವೆ ಬರೀ ಖಾಲಿ. ತೂಕ ಮಾತ್ರ ಹೆಚ್ಚುಕಮ್ಮಿ ಎಲ್ಲಾ ಈ ಕಾಳಿನದೇ, ಯಾಕೆಂದರೆ ಪ್ರೋಟಾನ್ ಎಲೆಕ್ಟ್ರಾನಿಗಿಂತ ಸುಮಾರು 1836 ಪಟ್ಟು ಭಾರ. ಅವಳು ಗೇಟಿನ ತನಕ ನಡೆದು ಹೋಗಿ, ಅಲ್ಲಿಂದ ತಿರುಗಿ ನೋಡಿದಳು. ಮೆಣಸು ಎಲ್ಲಿ ಕಾಣಬೇಕು! ರುದರ್‌ಫರ್ಡ್ ಅನ್ನುವ ವಿಜ್ಞಾನಿ 1911ರಲ್ಲಿ ಹೇಳಿದ್ದು, ಪರಮಾಣುವಿನ ಬಹುಪಾಲು ಬರೀ ಖಾಲಿ ಅನ್ನುವುದು, ಆಗ ಅವಳಿಗೆ ಹೊಳೆಯಿತು. ಅವರು ಚಿನ್ನದ ತೆಳು ಹಾಳೆಗೆ ಹೊಡೆಸಿದ ಆಲ್ಫಾ ಕಣಗಳಲ್ಲಿ ಜಾಸ್ತಿ ಪಾಲು ನೆಟ್ಟಗೆ ಆಚೆ ದಾಟಿದ್ದವು.

ವಾಪಸ್ ಬಂದವಳೇ, “ಕಾಳು ಒಡೆದರೆ ಬೇಳೆ ಸಿಗುತ್ತೆ, ಪ್ರೋಟಾನ್ ಒಡೆದರೆ?” ಅಂದಳು. ಒಳ್ಳೇ ಪ್ರಶ್ನೆ. ಪ್ರೋಟಾನಿನಲ್ಲಿ ಇನ್ನೂ ಸಣ್ಣ ಕಣಗಳಾದ ಮೂರು ಕ್ವಾರ್ಕ್‌ಗಳಿವೆ, ಬೇರೆ ಪರಮಾಣುಗಳ ನ್ಯೂಕ್ಲಿಯಸ್ಸಿನಲ್ಲಿ ಪ್ರೋಟಾನ್ ಜೊತೆಗಿರುವ ನ್ಯೂಟ್ರಾನಿನಲ್ಲೂ ಅಷ್ಟೇ. ಆದರೆ ಬೇಳೆಯ ಹಾಗೆ ಅವನ್ನು ಬಿಡಿಬಿಡಿಯಾಗಿ ತೆಗೆಯೋಕೆ ಆಗಲ್ಲ. ಎಲೆಕ್ಟ್ರಾನಿನಲ್ಲಂತೂ ಒಳಭಾಗ ಅನ್ನುವಂಥದ್ದು ಯಾರಿಗೂ ಈವರೆಗೆ ಕಂಡಿಲ್ಲ.

ನನ್ನ ತೊಡಕು ಇಲ್ಲೇ. ಪ್ರೋಟಾನ್, ನ್ಯೂಟ್ರಾನಿಗೆ ‘ಕಾಳು’ ಚೆನ್ನಾಗಿ ಹೊಂದುತ್ತದೆ. ಮಕ್ಕಳಿಗೆ ‘ಉಪಪರಮಾಣು ಕಣ’ ಅನ್ನುವುದಕ್ಕಿಂತ ‘ಪರಮಾಣುವಿನ ಒಳಗಿನ ಕಾಳು’ ಬೇಗ ಹತ್ತುತ್ತದೆ. ಎಲೆಕ್ಟ್ರಾನಿಗೆ ಅದು ಒಗ್ಗುವುದಿಲ್ಲ. ಅದಕ್ಕೆ ಸಿಪ್ಪೆಯೂ ಇಲ್ಲ, ತಿರುಳೂ ಇಲ್ಲ. ಅರಸೀಕೆರೆ, ಕಡೂರಿನ ಬಯಲು ಸೀಮೆಯವರೇ, ರಾಗಿ ಒಕ್ಕುವ ಕಣದಲ್ಲಿ ಕಾಳಿಗಿಂತ ಸಣ್ಣದಕ್ಕೆ, ತೂರುವಾಗ ಗಾಳಿಗೆ ಹಾರಿಹೋಗುವುದಕ್ಕೆ, ನಿಮ್ಮ ಮನೆಯಲ್ಲಿ ಏನನ್ನುತ್ತಾರೆ?