ಪ್ಲಂಬರುಗಳನ್ನು ದಾಟಿದ ವೀರರು

2022ರ ಏಪ್ರಿಲ್‌ನಲ್ಲಿ ಅಮೆರಿಕದ ಒಂದು ಟಿವಿ ಚರ್ಚೆಯಲ್ಲಿ ಬಾಸ್ಟನ್ ಸೆಲ್ಟಿಕ್ಸ್ ಬ್ಯಾಸ್ಕೆಟ್‌ಬಾಲ್ ತಂಡದ ಹಳೆಯ ದಿಗ್ಗಜ ಬಾಬ್ ಕೌಸಿಯ ಮಾತು ಬಂದಾಗ, ಆ ಕಾಲದಲ್ಲಿ ಅವರನ್ನು ತಡೆಯಲು ನಿಲ್ಲುತ್ತಿದ್ದವರು ಪ್ಲಂಬರುಗಳು ಮತ್ತು ಬೆಂಕಿ ಆರಿಸುವವರು ಎಂದು ಮಾಜಿ ಆಟಗಾರ ಜೆ.ಜೆ. ರೆಡಿಕ್ ಹೇಳಿಬಿಟ್ಟರು. ಆಗ 93 ವರ್ಷದವರಾಗಿದ್ದ ಕೌಸಿಯೂ ಸುಮ್ಮನಿರದೆ ತಿರುಗಿ ಉತ್ತರ ಕೊಟ್ಟರು. ಹಳಬರು ಇಂದಿನ ಆಟದಲ್ಲಿ ನಿಲ್ಲಬಲ್ಲರೇ ಎಂಬ ಆ ಜಗಳ ಅಲ್ಲಿ ಎಂದೋ ತಣ್ಣಗಾಗಿರಬಹುದು, ನಿವೃತ್ತ ಪಿ.ಟಿ. ಮೇಷ್ಟ್ರು, ಆಡಿಟರು, ಮೂಳೆ ಡಾಕ್ಟರು ಮತ್ತು ನಾನು ಸೇರುವ ಜಗಲಿಯಲ್ಲಿ ಮಾತ್ರ ಅದು ಇಂದಿಗೂ ಆರಿಲ್ಲ. ಬೆಳಗಿನ ಜಾವ ಎದ್ದು ಅಮೆರಿಕದ ವೃತ್ತಿಪರ ಲೀಗ್ ಆದ ಎನ್‌ಬಿಎಯ ಪಂದ್ಯಗಳನ್ನು ನೇರವಾಗಿ ನೋಡುವ ಆಡಿಟರ ಮಗ ಆಗಾಗ ಬಂದು ಅದಕ್ಕೆ ಸೀಮೆಎಣ್ಣೆ ಸುರಿದು ಹೋಗುತ್ತಾನೆ.

"ಪ್ಲಂಬರ್ ಎಂದರೆ ಅಷ್ಟು ಅಗ್ಗವೇ?" ಎಂದು ಮೊದಲು ಕೆರಳಿದವರು ಆಡಿಟರು. ಅವರ ಬಚ್ಚಲುಮನೆಯ ನಲ್ಲಿ ಸೋರಲು ಆರಂಭಿಸಿ ಬಹಳ ಕಾಲವಾಗಿದೆ. "ನಾಳೆ ಬೆಳಿಗ್ಗೆ ಖಂಡಿತ ಬರುತ್ತೇನೆ ಸಾರ್ ಎಂದು ಬಲಕ್ಕೆ ವಾಲಿದಂತೆ ತೋರಿಸಿ ಎಡಕ್ಕೆ ತಪ್ಪಿಸಿಕೊಂಡು ಹೋಗುವ ಆ ಚಾಕಚಕ್ಯತೆಯನ್ನು ನಾನು ಯಾವ ಎನ್‌ಬಿಎ ಆಟಗಾರನಲ್ಲಿಯೂ ಕಂಡಿಲ್ಲ. ಅಂಥವರನ್ನು ದಾಟಿಕೊಂಡು ಹೋಗಿ ಬುಟ್ಟಿಗೆ ಚೆಂಡು ಹಾಕಿದ ಕೌಸಿ ಸಾಮಾನ್ಯರಾಗಿರಲು ಸಾಧ್ಯವೇ ಇಲ್ಲ."

"ಹಾಕಿದ್ದು ಎಷ್ಟು ಎಂದು ನೋಡಿ ಅಪ್ಪ," ಎಂದ ಮಗ. "ವೃತ್ತಿಜೀವನದಲ್ಲಿ ಅವರು ಎಸೆದ ಚೆಂಡುಗಳ ಪೈಕಿ ಬುಟ್ಟಿ ಸೇರಿದ್ದು ಶೇ 37.5 ಮಾತ್ರ. ಇವತ್ತು ಎರಡರ ಬದಲು ಮೂರು ಅಂಕ ಸಿಗುವ ದೂರದ ಗೆರೆಯ ಆಚೆ ನಿಂತೇ ಅದಕ್ಕಿಂತ ಚೆನ್ನಾಗಿ ಎಸೆಯುವವರಿದ್ದಾರೆ."

ಮೇಷ್ಟ್ರು ಕುರ್ಚಿಯ ತುದಿಗೆ ಬಂದರು. ಚೆಂಡಿನ ಮೇಲೆ ಅಂಗೈ ಇಟ್ಟು ಪುಟಿಸುವುದನ್ನು ಮಾತ್ರ ಡ್ರಿಬಲ್ ಎಂದು ಒಪ್ಪುವ ಅವರಿಗೆ, ಚೆಂಡಿನ ಅಡಿಗೆ ಕೈ ಹೋದರೆ ಅದು ಕಳ್ಳತನಕ್ಕೆ ಸಮ. ಇಂದಿನವರೆಲ್ಲ ಚೆಂಡನ್ನು ಎತ್ತಿಕೊಂಡೇ ಓಡಾಡುತ್ತಾರೆ ಎಂಬುದು ಅವರ ಖಚಿತ ಅಭಿಪ್ರಾಯ. ಎಂಟು ವರ್ಷ ಸತತವಾಗಿ ಅತಿ ಹೆಚ್ಚು ಅಸಿಸ್ಟ್‌ಗಳನ್ನು, ಅಂದರೆ ಜೊತೆಗಾರ ಬುಟ್ಟಿ ಹಾಕುವಂತೆ ಮಾಡುವ ಪಾಸ್‌ಗಳನ್ನು, ಕೊಟ್ಟ ಕೌಸಿಗೆ ಈಗಿನ ಸಡಿಲ ನಿಯಮ ಸಿಕ್ಕಿದ್ದರೆ ಅವರನ್ನು ಹಿಡಿಯಲು ಪೊಲೀಸರೇ ಬರಬೇಕಾಗುತ್ತಿತ್ತು ಎಂದರು. ನನಗನ್ನಿಸುವಂತೆ ಕೌಸಿಯ ಮಟ್ಟಿಗೆ ಹುಡುಗನ ಮಾತಿನಲ್ಲಿ ತೂಕವಿದೆ. ಪಾಸ್ ಕೊಡುವ ಕಣ್ಣು ಎಲ್ಲ ಕಾಲಕ್ಕೂ ಸಲ್ಲುತ್ತದೆ, ಆದರೆ ಎಸೆತ ಬೀಳದ ಗಾರ್ಡ್‌ಗೆ (ಚೆಂಡು ಮುನ್ನಡೆಸುವ ಆಟಗಾರನಿಗೆ) ಇಂದಿನ ಎದುರಾಳಿಗಳು ಎರಡು ಮಾರು ಜಾಗ ಬಿಟ್ಟು ನಿಂತು "ಎಸೆಯಪ್ಪಾ" ಎಂದು ಕಾಯುತ್ತಾರೆ.

ಇಲ್ಲಿ ಡಾಕ್ಟರು ಒಂದು ಮೂಲಭೂತ ಆಕ್ಷೇಪ ಎತ್ತಿದರು. "ಹಳಬರನ್ನು ಇಂದಿನ ಆಟಕ್ಕೆ ಕರೆತರುವುದಾದರೆ ಹೇಗೆ ಕರೆತರುತ್ತೀರಿ? 1962ರ ಒಂದು ರಾತ್ರಿ, ಕ್ಯಾನ್ವಾಸ್ ಶೂ ಹಾಕಿಕೊಂಡು ಮಲಗಿದವರನ್ನು ಹಾಗೆಯೇ ಎತ್ತಿ ತಂದು ಅಂಕಣಕ್ಕೆ ಇಳಿಸುತ್ತೀರೋ, ಅಥವಾ ಅವರು ಈ ಕಾಲದಲ್ಲೇ ಹುಟ್ಟಿ, ಈ ಕಾಲದ ಊಟ, ತರಬೇತಿ, ನನ್ನಂಥ ಡಾಕ್ಟರುಗಳು ಎಲ್ಲವನ್ನೂ ಪಡೆದು ಬೆಳೆದರು ಎಂದುಕೊಳ್ಳುತ್ತೀರೋ? ಇದು ಇತ್ಯರ್ಥವಾಗದೆ ನಾನು ಯಾರ ಮೊಣಕಾಲನ್ನೂ ಮುಟ್ಟುವುದಿಲ್ಲ."

ಬಹಳ ವಾದದ ಬಳಿಕ ಒಂದು ರಾಜಿಯಾಯಿತು. ಆಟಗಾರನನ್ನು ಅವನ ಮೈಕಟ್ಟು ಮತ್ತು ಸ್ವಭಾವದೊಂದಿಗೆ ಹಾಗೆಯೇ ತರುವುದು; ಶೂ ಹೊಸದು ಕೊಡುವುದು; ಕಲಿಯಲು ಒಂದು ಬೇಸಿಗೆಯ ಅವಕಾಶ ಕೊಡುವುದು. ಶೂ ದುಡ್ಡು ಯಾರು ಕೊಡಬೇಕೆಂದು ಆಡಿಟರು ಕೇಳಿದ್ದನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಮೊದಲು ಕರೆತಂದದ್ದು ಸಹಜವಾಗಿಯೇ ವಿಲ್ಟ್ ಚೇಂಬರ್ಲಿನ್ ಅವರನ್ನು. 7 ಅಡಿ 1 ಇಂಚಿನ ಈ ಮನುಷ್ಯ 1962ರ ಮಾರ್ಚ್ 2ರಂದು ಪೆನ್ಸಿಲ್ವೇನಿಯಾದ ಹರ್ಷೆ ಎಂಬ ಊರಿನಲ್ಲಿ ನ್ಯೂಯಾರ್ಕ್ ನಿಕ್ಸ್ ವಿರುದ್ಧ ಒಬ್ಬರೇ 100 ಅಂಕ ಗಳಿಸಿದರು; ಆ ಋತುವಿನಲ್ಲಿ ಅವರ ಸರಾಸರಿ ಪಂದ್ಯಕ್ಕೆ 50.4 ಅಂಕ. ಆಡಿಟರು ಇದನ್ನೆಲ್ಲ ತಲೆಯಾಡಿಸುತ್ತಾ ಕೇಳಿ, ಕೊನೆಗೆ ಒಂದು ಅಂಕಿಯ ಮೇಲೆ ಬೆರಳಿಟ್ಟರು. "ಪಂದ್ಯ ಇರುವುದು 48 ನಿಮಿಷ. ಇವರು ಆಡಿದ ಸರಾಸರಿ 48.5 ನಿಮಿಷ ಎಂದಿದೆ. ತಿಂಗಳಿಗೆ ಮೂವತ್ತೆರಡು ದಿನ ಕೆಲಸಕ್ಕೆ ಬಂದ ಕೂಲಿಯವನ ಹಾಜರಿ ಪುಸ್ತಕದಂತಿದೆಯಲ್ಲ ಇದು! ಈ ಲೆಕ್ಕಕ್ಕೆ ನಾನು ಸಹಿ ಹಾಕುವುದಿಲ್ಲ."

ಹೆಚ್ಚುವರಿ ಅವಧಿಯ ಪಂದ್ಯಗಳೂ ಸೇರಿ ಹಾಗಾಯಿತು, ಒಮ್ಮೆ ಅಂಪೈರ್ ಹೊರಗೆ ಕಳುಹಿಸಿದ್ದನ್ನು ಬಿಟ್ಟರೆ ಆ ಋತುವಿನಲ್ಲಿ ಅವರು ಬೆಂಚಿನ ಮೇಲೆ ಕೂತೇ ಇಲ್ಲ ಎಂದು ವಿವರಿಸಿದ ಮೇಲೆ ಆಡಿಟರು ಒಲ್ಲದ ಮನಸ್ಸಿನಿಂದ ಒಪ್ಪಿದರು. ಈಗಿನವರು ವಿಶ್ರಾಂತಿಯ ಹೆಸರಿನಲ್ಲಿ ಪಂದ್ಯಗಳನ್ನೇ ಬಿಡುವುದರಿಂದ, ಋತುವಿನ ದೊಡ್ಡ ಪ್ರಶಸ್ತಿಗಳು ಬೇಕಿದ್ದರೆ ಕನಿಷ್ಠ 65 ಪಂದ್ಯ ಆಡಿರಬೇಕೆಂದು 2023ರಿಂದ ನಿಯಮ ತರಬೇಕಾಯಿತು ಎಂದು ಕೇಳಿದಾಗ ಮೇಷ್ಟ್ರ ಮುಖದಲ್ಲಿ ಮೂಡಿದ ತೃಪ್ತಿಯನ್ನು ವರ್ಣಿಸಲಾರೆ.

"ಆದರೆ ಅಂಕಲ್, ಅವರ ಫ್ರೀ ಥ್ರೋ?" ಎಂದು ಹುಡುಗ ನೋವಿನ ಜಾಗವನ್ನೇ ಒತ್ತಿದ. ಯಾರೂ ಅಡ್ಡ ಬರದೆ, ನಿಂತಲ್ಲಿಂದ ನಿಧಾನವಾಗಿ ಎಸೆಯುವ ಆ ಚೆಂಡನ್ನು ವಿಲ್ಟ್ ಜೀವಮಾನದಲ್ಲಿ ಬುಟ್ಟಿಗೆ ಹಾಕಿದ ಪ್ರಮಾಣ ಶೇ 51ರ ಆಸುಪಾಸು. 1967–68ರಲ್ಲಂತೂ ಶೇ 38. ತಮಾಷೆಯೆಂದರೆ ಆ ನೂರು ಅಂಕದ ರಾತ್ರಿ ಅವರು 32 ಫ್ರೀ ಥ್ರೋಗಳಲ್ಲಿ 28 ಹಾಕಿದ್ದರು, ಏಕೆಂದರೆ ಆ ದಿನಗಳಲ್ಲಿ ಅವರು ಎರಡೂ ಕೈಯಲ್ಲಿ ಚೆಂಡನ್ನು ಹಿಡಿದು, ಮಂಡಿ ಬಗ್ಗಿಸಿ, ಕಾಲುಗಳ ನಡುವಿನಿಂದ ಮೇಲಕ್ಕೆ ತೂರುತ್ತಿದ್ದರು. ರಿಕ್ ಬ್ಯಾರಿ ಎಂಬ ಇನ್ನೊಬ್ಬ ಆಟಗಾರ ಇದೇ ವಿಧಾನದಲ್ಲಿ ಶೇ 90ರ ಹತ್ತಿರ ಗುರಿ ಸಾಧಿಸಿದವರು. ವಿಲ್ಟ್ ಮಾತ್ರ, ಅದು ಗಂಡಸರಿಗೆ ಒಪ್ಪುವ ಭಂಗಿಯಲ್ಲವೆಂದು ನಾಚಿಕೊಂಡು, ಬೀಳುತ್ತಿದ್ದ ಎಸೆತವನ್ನು ಬಿಟ್ಟು ಬೀಳದ ಎಸೆತವನ್ನು ಆರಿಸಿಕೊಂಡರು. ಬುಟ್ಟಿಗಿಂತ ಮರ್ಯಾದೆ ದೊಡ್ಡದೆಂದ ಈ ಮಹಾನುಭಾವನನ್ನು ಇಂದು ಕೊನೆಯ ಕ್ವಾರ್ಟರ್‌ನಲ್ಲಿ ಎದುರಾಳಿಗಳು ಬೇಕೆಂದೇ ಫೌಲ್ ಮಾಡಿ ಫ್ರೀ ಥ್ರೋ ಗೆರೆಗೆ ಕಳುಹಿಸುತ್ತಾರೆ. ಫ್ರೀ ಥ್ರೋ ಬೀಳದ ಇನ್ನೊಬ್ಬ ದೈತ್ಯ ಶಕೀಲ್ ಓ'ನೀಲ್‌ಗೆ ಮಾಡಿದ್ದೂ ಅದನ್ನೇ. ಆದರೂ ಶಕೀಲ್ ನಾಲ್ಕು ಬಾರಿ ಚಾಂಪಿಯನ್ ಆದರು ಎಂದು ಮೇಷ್ಟ್ರು ನೆನಪಿಸಿದ್ದರಿಂದ ವಿಲ್ಟ್‌ಗೆ ಪಾಸ್ ಮಾರ್ಕು ಸಿಕ್ಕಿತು.

ಹುಡುಗನ ಮುಖ್ಯ ಅಸ್ತ್ರ ಬೇರೆಯೇ ಇತ್ತು. ಇಂದಿನವರ ವೇಗ, ಜಿಗಿತ, ಸ್ನಾಯುಬಲಗಳ ಮುಂದೆ ಹಳಬರು ನಿಲ್ಲಲಾರರು ಎಂಬುದು. ಅದಕ್ಕೆ ಡಾಕ್ಟರು ಬಹಳ ಸೌಮ್ಯವಾಗಿ, "ಹಾಗಾದರೆ ನಿಕೋಲಾ ಯೋಕಿಚ್ ಯಾರಪ್ಪಾ?" ಎಂದು ಕೇಳಿದರು.

ಹುಡುಗ ಸುಮ್ಮನಾದ. 2014ರಲ್ಲಿ ತಂಡಗಳು ಹೊಸ ಆಟಗಾರರನ್ನು ಆರಿಸಿಕೊಳ್ಳುವ ಸುತ್ತಿನಲ್ಲಿ 41ನೆಯವನಾಗಿ, ಟಿವಿಯಲ್ಲಿ ತಿಂಡಿಯ ಜಾಹೀರಾತು ಓಡುತ್ತಿದ್ದಾಗ ಹೆಸರು ಕರೆಸಿಕೊಂಡ ಈ ಸರ್ಬಿಯಾದ ಆಟಗಾರ 2021, 2022, 2024ರಲ್ಲಿ ಲೀಗಿನ ಅತ್ಯಮೂಲ್ಯ ಆಟಗಾರನೆನಿಸಿದವರು; 2023ರಲ್ಲಿ ಡೆನ್ವರ್ ತಂಡಕ್ಕೆ ಮೊದಲ ಪ್ರಶಸ್ತಿ ತಂದವರು. ಅವರ ಜಿಗಿತವನ್ನು ಕುರಿತು ಸಹಆಟಗಾರರೇ ನಗುವಷ್ಟು ಅದು ಅಲ್ಪ. ನೆಲ ಬಿಡದೆ, ಅವಸರ ಪಡದೆ, ಬೆನ್ನ ಹಿಂದೆ ಯಾರು ಎಲ್ಲಿಗೆ ಹೋಗುತ್ತಿದ್ದಾರೆಂದು ತಿಳಿದು ಚೆಂಡು ಕೊಡುವ ಈ ಆಟವನ್ನು ಮೇಷ್ಟ್ರ ಕಾಲದ ಯಾವುದೇ ಅಂಕಣಕ್ಕೆ ಸಾಗಿಸಿದರೂ ಯಾರಿಗೂ ವಿಚಿತ್ರವೆನಿಸದು. ಸ್ನಾಯುವೇ ಎಲ್ಲವಾಗಿದ್ದರೆ ಇವರು ಇಂದು ಟಿಕೆಟ್ ಕೊಂಡು ಪಂದ್ಯ ನೋಡುತ್ತಿರಬೇಕಿತ್ತು. ಈ ಹರಟೆಯ ಇಡೀ ವಾದದಲ್ಲಿ ನನಗೆ ಮನದಟ್ಟಾದ ಸಾಕ್ಷಿ ಇದೊಂದೇ.

ಹಾಗೆ ನೋಡಿದರೆ ಇಂದಿಗೆ ಎಲ್ಲರಿಗಿಂತ ಸಲೀಸಾಗಿ ಹೊಂದಿಕೊಳ್ಳುವವರು ಲ್ಯಾರಿ ಬರ್ಡ್. ನಿಧಾನಗತಿಯ, 6 ಅಡಿ 9 ಇಂಚಿನ ಈ ಎಸೆತಗಾರ 1986, 87, 88ರಲ್ಲಿ ಮೂರು ಅಂಕದ ಎಸೆತದ ಸ್ಪರ್ಧೆಯನ್ನು ಸತತವಾಗಿ ಗೆದ್ದರು. 1985–86ರಲ್ಲಿ 82 ಮೂರಂಕದ ಬುಟ್ಟಿಗಳೊಂದಿಗೆ ಇಡೀ ಲೀಗಿಗೆ ಅವರೇ ಮೊದಲಿಗರು. ಇಂದಿನ ಆಟಗಾರ ಸ್ಟೆಫನ್ ಕರಿ 2015–16ರಲ್ಲಿ ಹಾಕಿದ್ದು 402. ಹುಡುಗ ಈ ವ್ಯತ್ಯಾಸವನ್ನು ತೋರಿಸಿದಾಗ ಆಡಿಟರು ತಮ್ಮ ಕ್ಷೇತ್ರಕ್ಕೆ ಬಂದ ಖುಷಿಯಲ್ಲಿ ಪೆನ್ನು ತೆಗೆದರು. ಎರಡು ಅಂಕದ ಎಸೆತ ಅರ್ಧ ಬಿದ್ದರೆ ಎಸೆತಕ್ಕೆ ಒಂದು ಅಂಕ. ಮೂರರ ಎಸೆತ ಶೇ 36 ಬಿದ್ದರೆ 1.08. "ಇಷ್ಟು ಸರಳ ಲೆಕ್ಕ ತಿಳಿಯಲು ಅವರಿಗೆ ಮೂವತ್ತು ವರ್ಷ ಹಿಡಿಯಿತೇ? 1979ರಲ್ಲಿ ಗೆರೆ ಎಳೆದ ಮೊದಲ ಋತುವಿನಲ್ಲಿ ಒಂದು ತಂಡ ಪಂದ್ಯಕ್ಕೆ ಮೂರು ಬಾರಿಯೂ ಆಚೆಯಿಂದ ಎಸೆಯಲಿಲ್ಲ, ಈಗ ಮೂವತ್ತೈದರ ಮೇಲೆ! ಬರ್ಡ್ ಎಸೆಯಲಾರದೆ ಬಿಟ್ಟದ್ದಲ್ಲ, ಎಸೆಯೆಂದು ಯಾರೂ ಹೇಳಲಿಲ್ಲ."

ಡಾಕ್ಟರ ಚಿಂತೆ ಬರ್ಡ್ ಅವರ ಬೆನ್ನಿನದು. 1985ರ ಬೇಸಿಗೆಯಲ್ಲಿ, ಲೀಗಿನ ಅತ್ಯುತ್ತಮ ಆಟಗಾರನೆನಿಸಿಕೊಂಡಿದ್ದ ಈ ಮನುಷ್ಯ ಇಂಡಿಯಾನಾದ ಹುಟ್ಟೂರಿನಲ್ಲಿ ತಾಯಿಯ ಮನೆಯ ಮುಂದೆ ವಾಹನದ ದಾರಿಗೆ ತಾವೇ ಸಲಿಕೆ ಹಿಡಿದು ಜಲ್ಲಿ ಹಾಕಲು ಹೋಗಿ ಬೆನ್ನು ಕೆಡಿಸಿಕೊಂಡರು. ಮುಂದೆ ಪಂದ್ಯದ ನಡುವೆ ಕುರ್ಚಿಯಲ್ಲಿ ಕೂರಲಾರದೆ, ಬೆಂಚಿನ ಪಕ್ಕ ನೆಲದ ಮೇಲೆ ಬೋರಲಾಗಿ ಮಲಗಿಕೊಂಡು, ಕೋಚ್ ಕರೆದಾಗ ಎದ್ದು ಹೋಗಿ ಆಡುತ್ತಿದ್ದರು. "ಇಂದಿನ ಆಟಗಾರನ ಒಪ್ಪಂದದಲ್ಲಿ ಸಲಿಕೆ ಮುಟ್ಟಬಾರದೆಂದು ಬರೆಸಬಹುದಿತ್ತು," ಎಂದು ಡಾಕ್ಟರು ನಿಟ್ಟುಸಿರು ಬಿಟ್ಟರು. "ಬರೆಸಿದರೂ ಅವರು ಕೇಳುತ್ತಿರಲಿಲ್ಲ, ತಾಯಿ ಹೇಳಿದ ಕೆಲಸ," ಎಂದರು ಮೇಷ್ಟ್ರು.

ಕಲಿಯಲು ಒಂದು ಬೇಸಿಗೆ ಸಾಕೇ ಎಂಬ ಶಂಕೆಗೆ ಬ್ರೂಕ್ ಲೋಪೆಜ್ ಉತ್ತರ. ಮೊದಲ ಎಂಟು ಋತುಗಳಲ್ಲಿ ಒಟ್ಟು ಮೂರೇ ಮೂರಂಕದ ಬುಟ್ಟಿ ಹಾಕಿದ್ದ ಈ ಏಳಡಿಯ ಸೆಂಟರ್ (ಬುಟ್ಟಿಯ ಬಳಿ ಆಡುವವರು) ಒಂಬತ್ತನೆಯದರಲ್ಲಿ 134 ಹಾಕಿದರು. ಮೈಕಲ್ ಜೋರ್ಡನ್ ವಿಷಯಕ್ಕೆ ಬಂದರೆ, ಎದುರಾಳಿಯ ಮೈಮೇಲೆ ಕೈಯಿಟ್ಟು ತಡೆಯುವುದನ್ನು 2004ರಿಂದ ಬಿಗಿಯಾಗಿ ನಿಷೇಧಿಸಿರುವಾಗ ಅವರಿಗೆ ಇಂದು ಕಷ್ಟವಾಗುತ್ತದೆಂದು ವಾದಿಸಲು ಯಾರೂ ಸಿಗದ ಕಾರಣ ಆ ವಿಷಯ ಎರಡು ನಿಮಿಷದಲ್ಲಿ ಸತ್ತುಹೋಯಿತು. ಒಮ್ಮತದಲ್ಲಿ ಹರಟೆ ಹುಟ್ಟುವುದಿಲ್ಲ.

ಆಗ ಮೇಷ್ಟ್ರು ತಿರುಗುಬಾಣ ಬಿಟ್ಟರು. "ಹಳಬರನ್ನೇ ಏಕೆ ಎಳೆದು ತರಬೇಕು? ನಿನ್ನ ಸ್ಟೆಫನ್ ಕರಿಯನ್ನು 1960ಕ್ಕೆ ಕಳುಹಿಸು, ನೋಡೋಣ. ಅಲ್ಲಿ ಮೂರು ಅಂಕದ ಗೆರೆಯೇ ಇಲ್ಲ. ಮೂವತ್ತು ಅಡಿಯಿಂದ ಹಾಕಿದರೂ ಎರಡೇ ಅಂಕ. ಚೆಂಡನ್ನು ಅವನು ತಿರುಗಿಸುವ ರೀತಿಗೆ ನನ್ನಂಥ ಅಂಪೈರ್ ಉಸಿರು ಕಟ್ಟುವವರೆಗೂ ಸೀಟಿ ಊದುತ್ತಾನೆ." ಡಾಕ್ಟರೂ ದನಿಗೂಡಿಸಿದರು. 2011 ಮತ್ತು 2012ರಲ್ಲಿ ಶಸ್ತ್ರಚಿಕಿತ್ಸೆಗೆ ಒಳಗಾದ ಆ ಬಲಗಾಲಿನ ಕೀಲು ಕ್ಯಾನ್ವಾಸ್ ಶೂವಿನಲ್ಲಿ, ಅಂದಿನ ವೈದ್ಯದಲ್ಲಿ, ಎಷ್ಟು ದಿನ ಬಾಳುತ್ತಿತ್ತು? ಹುಡುಗ ಮೊದಲ ಬಾರಿಗೆ ಫೋನನ್ನು ಕೆಳಗಿಟ್ಟು, ಗೆರೆ ಇಲ್ಲದಿದ್ದರೂ ಬುಟ್ಟಿ ಬುಟ್ಟಿಯೇ ಅಲ್ಲವೇ, ಅಷ್ಟು ದೂರದಿಂದ ಬೀಳುವುದನ್ನು ತಡೆಯಲು ಅಂದಿನವರು ಏನು ಮಾಡುತ್ತಿದ್ದರು ಎಂದು ಕೇಳಿದ.

"ನಿಯಮ ಬದಲಿಸುತ್ತಿದ್ದರು," ಎಂದೆ ನಾನು. ಅವರು ಮಾಡಿಕೊಂಡು ಬಂದದ್ದೂ ಅದನ್ನೇ. ಕನ್ನಡಕ ಹಾಕಿಕೊಂಡು ಆಡುತ್ತಿದ್ದ 6 ಅಡಿ 10 ಇಂಚಿನ ಜಾರ್ಜ್ ಮೈಕನ್ ಬುಟ್ಟಿಯ ಕೆಳಗೇ ನೆಲೆಸಿಬಿಟ್ಟಾಗ 1951ರಲ್ಲಿ ದಾಳಿ ಮಾಡುವವರು ಮೂರು ಸೆಕೆಂಡಿಗಿಂತ ಹೆಚ್ಚು ನಿಲ್ಲಬಾರದ ಅಲ್ಲಿನ ಪಟ್ಟಿಯನ್ನು 6 ಅಡಿಯಿಂದ 12 ಅಡಿಗೆ ಅಗಲಿಸಿದರು. ವಿಲ್ಟ್ ಬಂದ ಮೇಲೆ 1964ರಲ್ಲಿ 16 ಅಡಿಗೆ. 1950ರ ನವೆಂಬರ್ 22ರಂದು ಫೋರ್ಟ್ ವೇನ್ ತಂಡ ಮೈಕನ್ ಕೈಗೆ ಚೆಂಡು ಹೋಗದಂತೆ ಅದನ್ನು ಸುಮ್ಮನೆ ಹಿಡಿದುಕೊಂಡೇ ನಿಂತು 19–18ರಿಂದ ಗೆದ್ದಿತು. ಅಂಥ ಆಟಕ್ಕೆ ಜನ ಆಕಳಿಸತೊಡಗಿದ್ದರಿಂದ 1954ರಲ್ಲಿ 24 ಸೆಕೆಂಡಿನೊಳಗೆ ಚೆಂಡು ಎಸೆಯಲೇಬೇಕೆಂಬ ಗಡಿಯಾರ ಬಂದಿತು. ಇಂದಿನ ಅಂಕಣದ ಅರ್ಧ ಬಣ್ಣ ಬಳಿದಿರುವುದೇ ಈ ಹಳಬರ ಕಾಟಕ್ಕೆ. ಅವರು ಇಲ್ಲಿಗೆ ಬಂದರೆ ದಾರಿ ತಪ್ಪುವ ಪ್ರಶ್ನೆಯೇ ಇಲ್ಲ ಎಂಬ ನನ್ನ ಮಾತಿಗೆ ಮೇಷ್ಟ್ರು ಮಾತ್ರ ಚಪ್ಪಾಳೆ ತಟ್ಟಿದರು.

ಕೊನೆಗೆ, ಹಳಬರಲ್ಲಿ ಒಬ್ಬರನ್ನು ಮಾತ್ರ ಇಂದಿನ ತಂಡಕ್ಕೆ ಕೊಳ್ಳುವುದಾದರೆ ಯಾರನ್ನು ಎಂಬ ಪ್ರಶ್ನೆ ಬಂದಾಗ ಹುಡುಗನನ್ನೂ ಸೇರಿಸಿ ಎಲ್ಲರೂ ಬಿಲ್ ರಸೆಲ್ ಎಂದರು. 13 ಋತುಗಳಲ್ಲಿ 11 ಬಾರಿ ಚಾಂಪಿಯನ್. ಎತ್ತರ ಜಿಗಿತದಲ್ಲೂ ನುರಿತವರು. ಚೆಂಡನ್ನು ಪ್ರೇಕ್ಷಕರ ಕಡೆಗೆ ಬಡಿಯದೆ ತನ್ನವರ ಕೈಗೇ ಬೀಳುವಂತೆ ತಡೆಯುವವರು. ಆ ತಡೆಗಳು ಎಷ್ಟೆಂಬ ಲೆಕ್ಕವಿಲ್ಲ, ಏಕೆಂದರೆ ಎನ್‌ಬಿಎ ಅದನ್ನು ದಾಖಲಿಸತೊಡಗಿದ್ದು 1973ರಲ್ಲಿ, ಅವರು ನಿವೃತ್ತರಾದ ಮೇಲೆ. ಗೆರೆಯವರೆಗೆ ಬಂದು ಗಾರ್ಡ್‌ಗಳನ್ನು ತಡೆದು, ಮತ್ತೆ ಬುಟ್ಟಿಯ ಬಳಿಗೆ ಓಡಬಲ್ಲ ಸೆಂಟರ್‌ಗಾಗಿ ಇಂದಿನ ಕೋಚ್‌ಗಳು ಹಗಲುಗನಸು ಕಾಣುತ್ತಿರುವಾಗ, ರಸೆಲ್ ಅರವತ್ತು ವರ್ಷ ಮೊದಲೇ ಬಂದು ಹೋಗಿಬಿಟ್ಟಿದ್ದರು.

"ಸಂಬಳ?" ಎಂದರು ಆಡಿಟರು.

1965ರಲ್ಲಿ ವಿಲ್ಟ್‌ಗೆ ವರ್ಷಕ್ಕೆ ಒಂದು ಲಕ್ಷ ಡಾಲರ್ ಸಿಕ್ಕಿತೆಂದು ತಿಳಿದ ರಸೆಲ್, ತಮಗೆ 1,00,001 ಬೇಕೆಂದು ಕೇಳಿ ಪಡೆದ ಕತೆಯನ್ನು ಹೇಳಿದೆ. ಸ್ಟೆಫನ್ ಕರಿ ಅವರ ಸಂಬಳ ಈಗ ವರ್ಷಕ್ಕೆ ಐದೂವರೆ ಕೋಟಿ ಡಾಲರ್ ದಾಟಿದೆ ಎಂದ ಹುಡುಗ.

"ಹಾಗಾದರೆ ಐದೂವರೆ ಕೋಟಿಯ ಮೇಲೆ ಒಂದು," ಎಂದು ಆಡಿಟರು ಬರೆದುಕೊಂಡರು. "ಆ ಒಂದಕ್ಕೆ ಮಾತ್ರ ವೋಚರ್ ಬೇಕು."